ಕದ ತಟ್ಟುವ ಬಟನ್

ಮೊನ್ನೆ ಟಿವಿ ಇಟ್ಟಿರುವ ಮೇಜಿನ ಧೂಳು ಒರೆಸುತ್ತಿದ್ದೆ. ವಿಡಿಯೋ ಗೇಮಿನ ರಿಮೋಟನ್ನು ಪಕ್ಕಕ್ಕೆ ಸರಿಸಲು ಹೋದಾಗ ಯಾವುದೋ ಬಟನ್ ಒತ್ತಿಹೋಯಿತೆಂದು ಕಾಣುತ್ತದೆ, ಅದು ಅಂಗೈಯಲ್ಲಿ ಗುರ್ರೆಂದು ನಡುಗಿತು. ನಾನು ಅದನ್ನು ಅಲ್ಲಿಯೇ ಬಿಟ್ಟು ಅಂಗಿಯ ಜೇಬಿನ ಫೋನಿಗೆ ಕೈ ಹಾಕಿದೆ. ಅಡುಗೆಮನೆಯಿಂದ ನನ್ನ ಹೆಂಡತಿ ಕೈಗೆ ಮೆತ್ತಿದ ಹಿಟ್ಟನ್ನೂ ಕೊಡವದೆ ಬಂದು ನಿಂತಳು.

"ಎಸ್ತಿದೇನ್ರಿ ಫೋನು?"

"ಫೋನಲ್ಲ. ಅಕಿ ಆಟದ ರಿಮೋಟು."

ಅವಳು ಒಳಗೆ ಹೋದಳು. ರೊಟ್ಟಿ ಬಡಿಯುವ ಸಪ್ಪಳ ಮತ್ತೆ ಶುರುವಾಗಲು ಸ್ವಲ್ಪ ಹೊತ್ತು ಹಿಡಿಯಿತು. ನೀವು ನಗಬಹುದು, ಆದರೆ ಬೀದರಿನ ಮೈಲೂರು ಬಡಾವಣೆಯ ನಮ್ಮ ಮನೆಯಲ್ಲಿ ಈಗ ನಡುಗುವ ಯಾವ ವಸ್ತುವನ್ನೂ ನಂಬುವಂತಿಲ್ಲ. ಪಕ್ಕದ ಮನೆಯವರು ಮಿಕ್ಸರ್ ಹಚ್ಚಿದರೂ ನಾವಿಬ್ಬರೂ ಫೋನು ನೋಡಿಕೊಳ್ಳುತ್ತೇವೆ.

ಎಸ್ತಿ ಎಂದರೆ ಎಸ್ತೇರ, ನನ್ನ ಅಕ್ಕನ ಒಬ್ಬಳೇ ಮಗಳು. ಅಕ್ಕ ಔರಾದಿನ ಸಾಲೆಯಲ್ಲಿ ಟೀಚರು. ಡಿಗ್ರಿ ಓದಲೆಂದು ಬೀದರಿಗೆ ಬಂದ ಎಸ್ತಿ ನಮ್ಮಲ್ಲೇ ಇದ್ದಳು. ಸಂಜೆ ಓಣಿಯ ಮಕ್ಕಳಿಗೆ ಗಣಿತ ಹೇಳಿಕೊಟ್ಟು, ಕೂಡಿಟ್ಟ ದುಡ್ಡಿನಲ್ಲಿ ಯಾರೋ ಬಳಸಿ ಬಿಟ್ಟ ಗೇಮಿನ ಮಷೀನು ತಂದು ಟಿವಿಗೆ ಜೋಡಿಸಿದ ದಿನ, ರಿಮೋಟನ್ನು ನನ್ನ ಮುಂದೆ ಹಿಡಿದು, "ನಿಮಗ ಬರ್ತದೇನ್ರಿ ಮಾಮಾ?" ಎಂದಿದ್ದಳು.

"ಬರ್ತದೇನು ಅಂತ ಕೇಳ್ತೀ? ಭಾಲ್ಕಿ ಸ್ಟೇಷನ್ ರೋಡಿನಾಗ ಹೋಗಿ ನನ್ನ ಹೆಸರು ಹೇಳಿ ನೋಡು."

ಹೆಸರು ಹೇಳಿಕೊಂಡದ್ದಷ್ಟೇ ಬಂತು. ಬಲಗೈ ಹೆಬ್ಬೆರಳಿಂದ ಕಣ್ಣು ತಿರುಗಿಸಬೇಕಂತೆ, ಎಡಗೈ ಹೆಬ್ಬೆರಳಿಂದ ಕಾಲು ಎತ್ತಿ ಹಾಕಬೇಕಂತೆ. ವೈರಿಗಳು ಹಿಂದಿನಿಂದ ಬಂದು ನನ್ನನ್ನು ಮುಗಿಸುತ್ತಿದ್ದರೆ ನಾನು ಎದುರಿನ ಗೋಡೆಗೆ ಗುಂಡು ಹೊಡೆಯುತ್ತಿದ್ದೆ. "ಅದು ಗ್ವಾಡಿ ಮಾಮಾ. ಗ್ವಾಡಿ ಏನ್ ಮಾಡ್ಯಾದ ನಿಮಗ?" ಎಂದು ಎಸ್ತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳ ಅತ್ತೆ, ಅಂದರೆ ನನ್ನ ಹೆಂಡತಿ, ಕೂಡ ನಕ್ಕಳು. ಅದನ್ನು ನಾನು ಮರೆತಿಲ್ಲ.

ಆದರೂ ನಾನು ಹೇಳಿದ್ದು ಪೂರ್ತಿ ಸುಳ್ಳೇನಲ್ಲ. ನಾವು ಚಿಕ್ಕವರಿದ್ದಾಗ ಅಪ್ಪ ಭಾಲ್ಕಿಯಲ್ಲಿ ಮಾಸ್ತರರಾಗಿದ್ದರು. ಸ್ಟೇಷನ್ನಿನ ಹಾದಿಯಲ್ಲಿ, ನಾವೆಲ್ಲ ಚಾಚಾ ಎಂದು ಕರೆಯುತ್ತಿದ್ದವರ ಅಂಗಡಿ. ಚಾಚಾ ಮುಂದುಗಡೆ ಕೂತು ಕೈಗಡಿಯಾರ ರಿಪೇರಿ ಮಾಡುತ್ತಿದ್ದರು. ಹಿಂದೆ, ಬಣ್ಣ ಹೋದ ಪರದೆಯ ಆಚೆ, ನಾಣ್ಯ ಹಾಕಿ ಆಡುವ ಮಷೀನು. ಅದರೊಳಗೆ ಅಂಗಿ ತೊಡದ ಒಬ್ಬ ಗಂಡಸು ಎಡದಿಂದ ಬಲಕ್ಕೆ ಓಡುತ್ತಾ, ಎದುರು ಬಂದವರನ್ನೆಲ್ಲ ಹೊಡೆಯುತ್ತಾ ಹೋಗುತ್ತಿದ್ದ. ಅವನಿಗೆ ಹೆಸರಿಲ್ಲ, ಊರಿಲ್ಲ, ಯಾಕೆ ಸಿಟ್ಟಾಗಿದ್ದಾನೆಂದು ಕೇಳುವವರೂ ಇಲ್ಲ. ಕೊನೆಯಲ್ಲಿ ಗುಡ್ಡದಷ್ಟು ದೊಡ್ಡ ರಾಕ್ಷಸ. ಅವನು ಸತ್ತರೆ ಆಟ ಮುಗಿಯಿತು.

ಇಲ್ಲೇ ನಮ್ಮ ಭಾಲ್ಕಿಯ ಹುಡುಗರ ಜಾಣತನ. ಆಟ ಮುಗಿದರೆ ಮಷೀನು ಬಿಟ್ಟು ಹಿಂದಿನವನಿಗೆ ಜಾಗ ಕೊಡಬೇಕಲ್ಲವೆ? ಹಾಗಾಗಿ ರಾಕ್ಷಸನನ್ನು ಅರೆಜೀವ ಮಾಡಿ, ಕೊಲ್ಲದೆ, ಅವನು ಉಗುಳುವ ಬೆಂಕಿಯನ್ನು ಹಾರಿ ಹಾರಿ ತಪ್ಪಿಸಿಕೊಳ್ಳುತ್ತಾ ನಿಲ್ಲುವುದು ನಮ್ಮ ರೂಢಿ. ಯಾರು ಹೆಚ್ಚು ಹೊತ್ತು ಅವನನ್ನು ಬದುಕಿಸಿ ಇಟ್ಟುಕೊಳ್ಳುತ್ತಾನೋ ಅವನೇ ದೊಡ್ಡ ಆಟಗಾರ. ಚಾಚಾ ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿ ತೆಗೆಯದೆಯೇ ಕೂಗುತ್ತಿದ್ದರು, "ಕಿತ್ತಾ ಪಾಲ್ತೇ ಮಿಯಾಂ ಉಸ್ಕು? ಮಾರ್‌ಕೆ ಉಠೋ." ಎಷ್ಟೊಂದು ಸಾಕ್ತೀರಿ ಅವನನ್ನು, ಕೊಂದು ಏಳಿರಿ ಎಂದು. ನಾವು ಏಳುತ್ತಿರಲಿಲ್ಲ. ಬೇರೆ ಊರಿನ ಹುಡುಗರು ಮುಕ್ತಾಯ ನೋಡಲು ಆಡುತ್ತಿದ್ದರೇನೋ, ನಾವು ಅದು ಬಾರದಂತೆ ಆಡುತ್ತಿದ್ದೆವು.

ಸಂಜೆ ದೀಪ ಹಚ್ಚಿದ ಮೇಲೆ ನಮ್ಮ ಮನೆಯಲ್ಲಿ ಎಲ್ಲರೂ ಕೂತು ಪ್ರಾರ್ಥನೆ ಮಾಡುವುದು ಕಡ್ಡಾಯ. ನನ್ನನ್ನು ಕರೆತರುವ ಕೆಲಸ ಅಕ್ಕನದು. ಅವಳು ಪರದೆಯ ಆಚೆಯೇ ನಿಂತು, "ತಮ್ಮಾ, ಅಪ್ಪ ಬೈಬಲ್ ತೆಗದಾರ" ಎನ್ನುತ್ತಿದ್ದಳು. ಒಂದು ದಿನ ಎಷ್ಟು ಕರೆದರೂ ನಾನು ಬರಲಿಲ್ಲ. ಅಕ್ಕ ಪರದೆ ಸರಿಸಿ ಒಳಗೆ ಬಂದಳು. ಹುಡುಗಿ ಒಳಗೆ ಬಂದದ್ದು ಕಂಡು ಗುಂಪು ತಾನಾಗಿ ದಾರಿ ಬಿಟ್ಟಿತು. ಅವಳು ನನ್ನನ್ನು ಮೊಣಕೈಯಿಂದ ನೂಕಿ, ಕೆಂಪು ಬಟನ್ ಮೇಲೆ ಕೈ ಇಟ್ಟು, ಒರಳಲ್ಲಿ ಖಾರ ಕುಟ್ಟಿದ ಹಾಗೆ ಕುಟ್ಟಿದಳು. ರಾಕ್ಷಸ ಸತ್ತ.

ಹೀಗೆ ನಾವು ಮೊದಲ ಸಲ ಮುಕ್ತಾಯ ನೋಡಿದೆವು. ಗುಡ್ಡ ಸಿಡಿಯಿತು. ಗಂಡಸು ಒಂದು ಕೈ ಮೇಲೆತ್ತಿ ನಿಂತ. ಪಟಾಕಿ ಹಾರಿದವು, ಇಂಗ್ಲಿಷಿನಲ್ಲಿ ಶಾಬಾಶ್ ಎಂಬರ್ಥದ ಅಕ್ಷರ ಬಂದವು. ಅಷ್ಟರಲ್ಲಿ ಮಷೀನಿನ ಪರದೆ ಕಪ್ಪಾಗಿ, ಅದೇ ಗಂಡಸು ಅದೇ ಎಡಗಡೆ ಮೂಲೆಯಲ್ಲಿ ಮತ್ತೆ ಓಡಲು ತಯಾರಾಗಿ ನಿಂತಿದ್ದ.

"ಇಷ್ಟೇ ಏನು?" ಎಂದಳು ಅಕ್ಕ. "ಮನಿಗಿ ಹೋಗೋದಿಲ್ಲೇನು ಇವ?"

ಚಾಚಾ ಭೂತಗನ್ನಡಿ ತೆಗೆದು ಅವಳನ್ನು ನೋಡಿದರು. "ಮಷೀನಿನಾಗ ಅವನಿಗಿ ಮನಿ ಯಾರ್ ಕಟ್ಯಾರ ಬೇಟಿ?"

ಆ ಕಾಲದ ಆಟಗಳೆಲ್ಲ ಹಾಗೆಯೇ, ನೀವೂ ಆಡಿದ್ದರೆ ನೆನಪಿರುತ್ತದೆ. ಆಮೇಲೆ ಟಿವಿಗೆ ಹಚ್ಚುವ ಆಟದ ಹಳದಿ ಕ್ಯಾಸೆಟ್ ಬಂತು. ಅದರಲ್ಲಿಯೂ ಕೊನೆಗೆ ಹೆಲಿಕಾಪ್ಟರು ಬಂದು ಹಗ್ಗ ಇಳಿಬಿಡುವುದು, ನಾಯಕ ಜೋತಾಡುತ್ತಾ ಮೇಲೇರುವುದು, ಹಿಂದೆ ದ್ವೀಪ ಹೊತ್ತಿ ಉರಿಯುವುದು. ಹೆಲಿಕಾಪ್ಟರು ಎಲ್ಲಿಗೆ ಹೋಯಿತು? ಸತ್ತವರು ಕೂಡ ಅಚ್ಚುಕಟ್ಟು: ಮೂರು ಸಲ ಮಿನುಗಿ ಮಾಯವಾಗುತ್ತಿದ್ದರು, ಹೂಳುವ ರಗಳೆ ಇಲ್ಲ. ಗೆದ್ದ ಸಂತೋಷ ಕಲಬೆರಕೆಯಿಲ್ಲದ್ದು. ಆ ಸಂತೋಷಕ್ಕೆ ಬೆಲೆ ಇಲ್ಲವೆಂದು ನಾನು ಹೇಳುವುದಿಲ್ಲ. ಊಟಕ್ಕೆ ಕೂತವನ ತಲೆಯಲ್ಲಿ ಪಟಾಕಿ ಹಾರುತ್ತಿರುವುದು ಸಣ್ಣ ಮಾತಲ್ಲ.

ಡಿಗ್ರಿ ಮುಗಿದ ಮೇಲೆ ಎಸ್ತಿಗೆ ಗಡಿ ಕಾಯುವ ಪಡೆಯಲ್ಲಿ ನೌಕರಿ ಸಿಕ್ಕಿತು. ದಿನಾ ಬೆಳಗ್ಗೆ ಮೈದಾನದಲ್ಲಿ ಓಡುತ್ತಿದ್ದಳು, ಮೈ ಗಟ್ಟಿ ಇರಲಿ ಬಿಡು ಎಂದು ನಾವು ಸುಮ್ಮನಿದ್ದೆವು. ಅವಳು ಪರೀಕ್ಷೆಯನ್ನೇ ಪಾಸು ಮಾಡಿಕೊಂಡು ಬಂದಳು. ಅಕ್ಕನ ಫೋನು ಬಂತು.

"ತಮ್ಮಾ, ನಿನ್ನ ಮಾತ ಕೇಳ್ತಾಳ ಅಕಿ. ಬ್ಯಾಡ ಅಂತ ಹೇಳು. ಬಿ.ಎಡ್ ಮಾಡ್ಲಿ, ನನ್ನಂಗ ಸಾಲ್ಯಾಗ ಇರ್ಲಿ."

ಫೋನು ಇಟ್ಟರೆ ಎಸ್ತಿ ಬಾಗಿಲಲ್ಲಿ ನಿಂತಿದ್ದಾಳೆ. "ಅವ್ವಗ ನೀವೇ ಹೇಳ್ಬೇಕ್ರಿ ಮಾಮಾ. ಅವ್ವ ಹೂಂ ಅಂದ್ರ ಹೋಗ್ತೇನಿ, ಇಲ್ಲಂದ್ರ ಇಲ್ಲ."

ಇಬ್ಬರಿಗೂ ಆಗಲಿ ಎಂದೆ. ನನ್ನ ಸ್ವಭಾವವೇ ಅಂಥದ್ದು, ಎದುರಿಗೆ ನಿಂತವರಿಗೆ ಇಲ್ಲ ಎನ್ನಲು ಬರುವುದಿಲ್ಲ. ಬೇಡ ಎಂದರೆ ಈ ಹುಡುಗಿಯ ಮುಖ ನೋಡುವುದು ಹೇಗೆ? ಹೋಗು ಎಂದು, ನಾಳೆ ಏನಾದರೂ ಆದರೆ ಅಕ್ಕನ ಮುಖ? ಸೇರುವ ದಿನ ಹತ್ತಿರ ಬರುತ್ತಿತ್ತು, ಹೇಳುವ ಮಾತು ಮಾತ್ರ ನಾಳೆ ನಾಳೆ ಎಂದು ಸರಿಯುತ್ತಿತ್ತು. ಇವತ್ತು ಮಾತಾಡಿದಿರಾ ಎಂದು ಹೆಂಡತಿ ಕೇಳಿದಾಗಲೆಲ್ಲ ನನಗೆ ಮಾರ್ಕೆಟ್ಟಿನಿಂದ ತರಬೇಕಾದ ಏನಾದರೊಂದು ನೆನಪಾಗುತ್ತಿತ್ತು.

ಒಂದು ರವಿವಾರ ಚರ್ಚಿನಿಂದ ಬಂದು ಉಂಡ ಮೇಲೆ ಎಸ್ತಿಯೇ, "ಆಟ ಮುಗಸ್ರಿ ಮಾಮಾ, ಕೊನೀದು ಅಷ್ಟೇ ಉಳದದ" ಎಂದು ರಿಮೋಟು ಕೊಟ್ಟಳು. ತಿಂಗಳುಗಟ್ಟಲೆ ಅವಳ ಸಹಾಯದಿಂದ ನಾನು ಅಲ್ಲಿಯತನಕ ಮುಟ್ಟಿದ್ದೆ. ಈ ಆಟದ ನಾಯಕನಿಗೆ ಒಬ್ಬ ಜೊತೆಗಾರ ಸಿಪಾಯಿ ಇದ್ದ. ನಡುವೆ ಒಂದು ಸೇತುವೆಯ ಮೇಲೆ ಸತ್ತುಹೋದ. ಇನ್ನು ಕೊನೆಯಲ್ಲಿ ಎಂಥ ರಾಕ್ಷಸ ಬರುತ್ತಾನೋ ಎಂದು ಬೆರಳು ಮುರಿದುಕೊಂಡು ತಯಾರಾದೆ.

ಯಾರೂ ಬರಲಿಲ್ಲ. ಯುದ್ಧ ಆಗಲೇ ಮುಗಿದುಹೋಗಿತ್ತು. ನಾಯಕನ ಕೈಯಲ್ಲಿ ಬಂದೂಕಿಲ್ಲ. ಒಂದು ಬಸ್ಸಿನಿಂದ ಇಳಿದ. ಸಣ್ಣ ಊರು. ಹೆಬ್ಬೆರಳಿನಿಂದ ಅವನನ್ನು ನಡೆಸಿಕೊಂಡು ಹೋಗುವುದಷ್ಟೇ ನನ್ನ ಕೆಲಸ. ಒಣಗಲು ಹಾಕಿದ ಬಟ್ಟೆ, ಮಲಗಿದ ನಾಯಿ, ಪಂಪಿನಿಂದ ನೀರು ಹೊಡೆಯುವ ಹೆಂಗಸು. ನಾನು ರೂಢಿಯಂತೆ ಗೋಡೆಯ ಮೂಲೆಮೂಲೆಗೂ ಅವಿತು ಇಣುಕುತ್ತಿದ್ದೆ. ಕೊನೆಗೆ ಒಂದು ಮನೆ, ಮುಚ್ಚಿದ ಕದ. ಅದು ಸೇತುವೆಯ ಮೇಲೆ ಸತ್ತ ಜೊತೆಗಾರನ ತಾಯಿಯ ಮನೆ. ಅವನ ಕೊರಳಲ್ಲಿದ್ದ ಹೆಸರಿನ ಬಿಲ್ಲೆ ನಾಯಕನ ಜೇಬಿನಲ್ಲಿದೆ. ಕದ ತಟ್ಟಲು ಒತ್ತಿರಿ ಎಂದು ಪರದೆಯ ಕೆಳಗೆ ಬಂತು. ಯಾವ ಬಟನ್ ಎಂದು ನೋಡಿದೆ. ಅಷ್ಟು ದಿನ ಗುಂಡು ಹಾರಿಸಿದ್ದೆನಲ್ಲ, ಅದೇ.

ನಾನು ಒತ್ತಲಿಲ್ಲ. ಆಟವೂ ಅವಸರ ಮಾಡಲಿಲ್ಲ. ಅವನು ಕದದ ಮುಂದೆ ನಿಂತು ಉಸಿರಾಡುತ್ತಿದ್ದ, ರಿಮೋಟು ನನ್ನ ಕೈಯಲ್ಲಿ ಎದೆಬಡಿತದ ಹಾಗೆ ಮೆಲ್ಲಗೆ ಮಿಡಿಯುತ್ತಿತ್ತು.

"ಎಸ್ತಿ, ಇದನ್ನ ನೀ ಮೊದಲೇ ನೋಡೀ ಏನು?"

"ನೋಡೇನ್ರಿ."

"ಪರೀಕ್ಷೆ ಬರೆಯೋಕಿಂತ ಮುಂಚೇನ?"

"ಮುಂಚೇನೇ." ಅವಳು ಪರದೆಯನ್ನೇ ನೋಡುತ್ತಿದ್ದಳು. "ನಾನೂ ಭಾಳ ಹೊತ್ತು ನಿಂತಿದ್ದೆ ಮಾಮಾ. ಆಮ್ಯಾಲ ಒತ್ತಿದೆ. ಯಾರಾರ ಹೋಗಿ ಹೇಳಬೇಕಲ್ಲ ಅಕಿಗಿ."

ನಾನು ರಿಮೋಟನ್ನು ಮೇಜಿನ ಮೇಲೆ ಇಟ್ಟೆ. "ನಡಿ ತಾಯಿ, ಔರಾದಿಗೆ ಹೋಗೋಣ" ಎಂದೆ.

ಬಸ್ಸಿನಲ್ಲಿ ನಾನು ಕಟ್ಟಿದ ಭಾಷಣಗಳನ್ನು ಕೇಳಿದ್ದರೆ ನೀವು ನನ್ನನ್ನು ಎಲೆಕ್ಷನ್ನಿಗೆ ನಿಲ್ಲಿಸುತ್ತಿದ್ದಿರಿ. ಅಕ್ಕ ಪಡಸಾಲೆಯಲ್ಲಿ ಮೊರದ ತುಂಬಾ ತೊಗರಿಬೇಳೆ ಹಾಕಿಕೊಂಡು ಆರಿಸುತ್ತಿದ್ದಳು. ಭಾಷಣವೆಲ್ಲ ಹೊಸ್ತಿಲಲ್ಲೇ ಉದುರಿಹೋಯಿತು. ಬೇರೆ ಏನೂ ತೋಚದೆ ಆಟದ ಕೊನೆಯನ್ನು ಹೇಳಿಬಿಟ್ಟೆ: ಬಸ್ಸು, ನಾಯಿ, ಕದ, ಬಟನ್. ಹೇಳುತ್ತಾ ಹೇಳುತ್ತಾ, ಇದೆಂಥ ಹುಚ್ಚು ಕೆಲಸ ಮಾಡುತ್ತಿದ್ದೇನೆ, ಮಗಳನ್ನು ಕಳಿಸು ಎನ್ನಲು ಬಂದವನು ತಾಯಿಗೆ ಹೇಳುವ ಕತೆಯೇ ಇದು, ಎಂದು ಹೊಳೆಯಿತು. ಅಕ್ಕ ಕೈ ನಿಲ್ಲಿಸಲಿಲ್ಲ. ಕತೆ ಮುಗಿದ ಮೇಲೆ ಮಗಳನ್ನು ಕೇಳಿದಳು.

"ನೀ ಬಡದಿ ಏನು?"

"ಬಡದೆ ಅವ್ವಾ."

"ಅಕಿ ಕದಾ ತೆಗದಳೇನು?"

"ಅದನ್ನ ತೋರ್ಸೋದಿಲ್ಲ. ಒಳಗ ಹೆಜ್ಜಿ ಸಪ್ಪಳ ಕೇಳಸ್ತದ. ಹತ್ರ ಹತ್ರ ಬರ್ತದ. ಅಷ್ಟಕ್ಕ ಮುಗೀತದ."

ಅಕ್ಕ ಒಂದು ಹರಳನ್ನು ಆರಿಸಿ ಅಂಗಳಕ್ಕೆ ಎಸೆದಳು. "ಈಗಿನ ಆಟ ಮಾಡೋರಿಗಿ ಬುದ್ಧಿ ಅದ," ಎಂದಳು. ಇನ್ನೊಂದು ಹರಳು. ಎಸ್ತಿ ಗೋಡೆಗೆ ಒರಗಿ ಉಗುರು ಕಚ್ಚುತ್ತಿದ್ದಳು. ನಾನು ಮೊರದ ಬೇಳೆ ಕಾಲುಭಾಗ ಖಾಲಿಯಾಗುವುದನ್ನು ನೋಡುತ್ತಾ ಕೂತಿದ್ದೆ.

"ನಾ ಬ್ಯಾಡ ಅಂದ್ರ ನೀ ನಿಲ್ತಿ," ಎಂದಳು ಅಕ್ಕ ಕೊನೆಗೆ, ತಲೆ ಎತ್ತದೆ. "ಅದು ನನಗ ಗೊತ್ತದ. ಮನ್ಯಾಗೇ ಇರ್ತಿ, ಸಾಲಿಗಿ ಹೋಗ್ತಿ, ನನ್ನ ಮುಂದ ಕೂತು ಉಣ್ತಿ. ನಾ ನಿಲ್ಲಿಸಿದ ಮಗಳನ್ನ ದಿನಾ ಎದುರಿಗಿ ನೋಡೋದು ನನ್ನಿಂದ ಆಗೋದಿಲ್ಲ ಎಸ್ತಿ. ಹೋಗು."

ಎಸ್ತಿ ಹೋಗಿ ಅವಳ ಪಕ್ಕ ಕೂತು ತಾನೂ ಬೇಳೆ ಆರಿಸತೊಡಗಿದಳು. ಯಾರೂ ಅಳಲಿಲ್ಲ. ನಾನು ಮಾತ್ರ ಮುಖ ತೊಳೆಯುವ ನೆವದಿಂದ ಹಿತ್ತಲಿಗೆ ಹೋದೆ.

ಈಗ ತರಬೇತಿ ಮುಗಿದು ಎಸ್ತಿ ಗಡಿಯ ಯಾವುದೋ ಚೌಕಿಯಲ್ಲಿದ್ದಾಳೆ. ಅಲ್ಲಿ ನೆಟ್‌ವರ್ಕ್ ಇಲ್ಲ. ಕೆಳಗಿನ ಕ್ಯಾಂಪಿಗೆ ಇಳಿದಾಗ ಫೋನು ಮಾಡುತ್ತಾಳೆ. ಈ ಸಲ ಇಳಿಯುವುದು ತಡವಾಗಿದೆ, ಅಷ್ಟೇ. ಅಷ್ಟೇ ಎಂದು ನಾವು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತೇವೆ.

ಧೂಳು ಒರೆಸಿದ ಮರುದಿನ ತಡೆಯಲಾರದೆ ಔರಾದಿನ ಬಸ್ಸು ಹತ್ತಿದೆ. ಅಕ್ಕನ ಮನೆಯ ಬಾಗಿಲು ಹಾರುಹೊಡೆದಿತ್ತು. ಅವಳು ಒಳಗೆ ಮಕ್ಕಳ ಪರೀಕ್ಷೆಯ ಪೇಪರು ನೋಡುತ್ತಿದ್ದಳು. ರೋಡಿನ ಕೆಂಪು ಧೂಳು ಪಡಸಾಲೆಯ ನಡುವಿನತನಕ ಬಂದು ಕೂತಿತ್ತು. ಅವಳು ಎಂಥ ಅಚ್ಚುಕಟ್ಟಿನ ಹೆಂಗಸೆಂದರೆ, ಭಾಲ್ಕಿಯಲ್ಲಿದ್ದಾಗ ಚಪ್ಪಲಿ ಬಿಟ್ಟ ಜಾಗಕ್ಕೂ ನನ್ನನ್ನು ಬೈದವಳು. ನಾನು ಹೇಗೆ ಒಳಗೆ ಹೋಗುವುದೆಂದು ತಿಳಿಯದೆ ಹೊಸ್ತಿಲಲ್ಲಿ ನಿಂತು ಕೆಮ್ಮಿದೆ.

"ಬಾ ಒಳಗ. ಕೆಮ್ಮು ಯಾವಾಗ ಬಂತು ನಿನಗ?"

"ಬಾಗಿಲಾ ಹಾಕ್ಕೋಬಾರದೇನಕ್ಕಾ? ಎಷ್ಟು ಧೂಳು."

"ಇರ್ಲಿ. ತೆಗೆದ ಬಾಗಿಲಾ ಯಾರೂ ಬಡಿಯೋದಿಲ್ಲ."

ಅವಳು ಚಹಾ ಮಾಡಿ ತಂದಳು. ಇಬ್ಬರೂ ಬೀದಿಗೆ ಮುಖ ಮಾಡಿ ಕೂತೆವು. ಒಂದು ಮೋಟರ್‌ಸೈಕಲ್ ಮನೆಯ ಮುಂದೆ ಬಂದು ನಿಂತಿತು. ಸವಾರ ಇಳಿದ, ನಮ್ಮ ಕಡೆ ಒಮ್ಮೆ ನೋಡಿದ. ಹಿಂದೆ ಕಟ್ಟಿದ್ದ ಚೀಲ ಜಾರಿತ್ತು. ಅದನ್ನು ಎತ್ತಿ, ಹಗ್ಗ ಬಿಗಿದು, ಗಾಡಿ ಹತ್ತಿ ಹೊರಟುಹೋದ. ಅದರ ಸಪ್ಪಳ ಊರ ಅಗಸಿಬಾಗಿಲ ಆಚೆ ಅಡಗುವ ತನಕ ಅಕ್ಕ ಕಪ್ಪನ್ನು ತುಟಿಯ ಹತ್ತಿರವೇ ಹಿಡಿದಿದ್ದಳು.

"ಕುಡಿ," ಎಂದಳು ಆಮೇಲೆ. "ಆರ್ತದ."