ಸಲ್ಲೂಹಾ ಅತ್ತೆಯ ಬೆರಳು

ಸ್ಫಾಕ್ಸ್ ನಗರದಲ್ಲಿ ನಮ್ಮ ಗೋಡೆಗೆ ಗೋಡೆ ತಾಗಿದ ಮನೆ ಹಶ್ಮಿ ಮಾಮನದು. ರಂಜಕದ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಫಿಟ್ಟರ್ ಆಗಿದ್ದವರು. ನಿವೃತ್ತರಾದ ಮೇಲೆ ಕೈ ಸುಮ್ಮನಿರಲಿಲ್ಲ. ಒಂದು ದಿನ ಚಾಕುಗಳಿಗೆ ಸಾಣೆ ಹಿಡಿಯುವ ಸಲಕರಣೆಯೊಂದನ್ನು ತಂದು ಅಡುಗೆಮನೆಯ ಮೇಜಿಗೆ ಬಿಗಿದರು. ಚಾಕುವನ್ನು ಇಕ್ಕಳದಲ್ಲಿ ಕಚ್ಚಿಸಬೇಕು. ಉದ್ದನೆಯ ಸರಳಿಗೆ ಸಿಕ್ಕಿಸಿದ ಕಲ್ಲು ಎಷ್ಟು ಸಲ ಓಡಾಡಿದರೂ ಒಂದೇ ಕೋನದಲ್ಲಿ ಅಲಗನ್ನು ತೀಡುತ್ತದೆ. ಮಾಮ ಇಪ್ಪತ್ತು ಡಿಗ್ರಿಗೆ ಇಟ್ಟು, ಅಂಚಿಗೆ ಮಾರ್ಕರ್ ಶಾಯಿ ಬಳಿದು, ಕಲ್ಲು ಎಲ್ಲ ಕಡೆ ತಾಗಿ ಅದು ಪೂರ್ತಿ ಅಳಿಯಿತೇ ಎಂದು ಕನ್ನಡಕ ಏರಿಸಿ ನೋಡುತ್ತಿದ್ದರು.

"ಮದುವೆ ಆದಾಗಿಂದ ನನ್ನ ಮುಖಾನೂ ಇಷ್ಟು ಹೊತ್ತು ನೋಡಿಲ್ಲ ಈ ಮನುಷ್ಯ," ಎಂದು ಸಲ್ಲೂಹಾ ಅತ್ತೆ ನನ್ನೆದುರೇ ಛೇಡಿಸುತ್ತಿದ್ದರು.

ಒಂದು ಬದಿ ಚೆನ್ನಾಗಿ ತೀಡಿದರೆ ಇನ್ನೊಂದು ಬದಿಗೆ ಕೂದಲೆಳೆಯಷ್ಟು ಲೋಹ ಮಡಚಿ ಬರುತ್ತದೆ. ಕಣ್ಣಿಗೆ ಕಾಣದು, ಬೆರಳಿಗೆ ತರಿತರಿಯಾಗಿ ತಗಲುತ್ತದೆ. ಒಂದು ದಿನ ಮಾಮ ಅತ್ತೆಯ ಬೆರಳನ್ನು ಹಿಡಿದು ಅದರ ಮೇಲೆ ಸವರಿಸಿದರು. "ಗೊತ್ತಾಗ್ತಿದೆಯಾ?"

"ಹೂಂ, ಹೂಂ, ಗೊತ್ತಾಗ್ತಿದೆ. ಬಿಡಿ, ಒಲೆ ಮೇಲೆ ಸಾರಿದೆ."

ಅತ್ತೆಗೆ ಏನೂ ಗೊತ್ತಾಗಿರಲಿಲ್ಲ. ಸಕ್ಕರೆ ಕಾಯಿಲೆಯಿಂದ ಎರಡು ವರ್ಷದ ಹಿಂದೆಯೇ ಅವರ ಬೆರಳ ತುದಿಗಳು ಮರಗಟ್ಟಿದ್ದವು. ಯಾರಿಗೂ ಹೇಳಿರಲಿಲ್ಲ.

ತಮ್ಮ ತರಕಾರಿ ಚಾಕುವೊಂದನ್ನು ಮಾತ್ರ ಮುಟ್ಟಕೂಡದೆಂದು ಅತ್ತೆ ಕಟ್ಟಪ್ಪಣೆ ಮಾಡಿದ್ದರು. ಮೊಂಡಾಗಿದ್ದ ಆ ಚಾಕು ಮಾಮನ ಕಣ್ಣಿಗೆ ಚುಚ್ಚುತ್ತಿತ್ತು. ಒಂದು ಭಾನುವಾರ ಅತ್ತೆ ಸ್ನಾನಕ್ಕೆ ಹೋದಾಗ ಅದನ್ನೂ ತೀಡಿ, ಇದ್ದ ಜಾಗದಲ್ಲೇ ಇಟ್ಟರು. ಹೆಂಡತಿ ತಾನಾಗಿ ಕಂಡುಕೊಂಡು ಬೆರಗಾಗಲಿ ಎಂಬ ಆಸೆ.

ಮಧ್ಯಾಹ್ನ ಕುಸ್‌ಕುಸ್ ಊಟಕ್ಕೆ ಟೊಮೆಟೊ ಹೆಚ್ಚುತ್ತಿದ್ದ ಅತ್ತೆ ಕೂಗಿ ಹೇಳಿದರು: "ಏನ್ರೀ ಇದು, ಎಂಥ ಟೊಮೆಟೊ ತಂದಿದೀರಿ? ಬರೀ ನೀರು ಬಿಡ್ತಿದೆ."

ಮಾಮ ಬಂದು ನೋಡಿದರೆ ಹಲಗೆಯ ಮೇಲೆ ಹರಿಯುತ್ತಿದ್ದುದು ರಕ್ತ. ಅತ್ತೆ ಇನ್ನೂ ಹೆಚ್ಚುತ್ತಲೇ ಇದ್ದರು.

"ಸಲ್ಲೂಹಾ! ಕೈ! ಕೈ ನೋಡ್ಕೋ!"

"ಕೈಗೇನಾಯ್ತು?" ಎಂದು ಅತ್ತೆ ಅವರ ಮುಖ ನೋಡಿದರಂತೆ.

ಆಸ್ಪತ್ರೆಗೆ ಕಾರು ಓಡಿಸಿದವಳು ನಾನು. ಎಡಗೈ ತೋರುಬೆರಳು ಮೂಳೆಯವರೆಗೆ ಸೀಳಿತ್ತು. ವೈದ್ಯೆ ಹೊಲಿಗೆ ಹಾಕುತ್ತಾ, ಸ್ಪರ್ಶ ಹೋಗಿ ಎಷ್ಟು ದಿನವಾಯಿತೆಂದು ಕೇಳಿದಾಗ ಅತ್ತೆ ನೆಲ ನೋಡಿಕೊಂಡು ನಿಜ ಹೇಳಿದರು. ಪಕ್ಕದಲ್ಲಿ ನಿಂತಿದ್ದ ಮಾಮನಿಗೂ ಅದು ಗೊತ್ತಾದದ್ದು ಆಗಲೇ. ಗಾಯ ಮಾಯಲಿಲ್ಲ. ಕಪ್ಪಾಗುತ್ತಾ ಬಂದು, ಹದಿಮೂರನೆಯ ದಿನ ಮೊದಲ ಗೆಣ್ಣಿನವರೆಗೆ ಬೆರಳನ್ನು ತೆಗೆಯಬೇಕಾಯಿತು.

ಆಸ್ಪತ್ರೆಯಿಂದ ಬಂದ ದಿನವೇ ಮಾಮ ಮನೆಯ ಚಾಕುಗಳನ್ನೆಲ್ಲ ಹೊಸ್ತಿಲ ಕಲ್ಲಿಗೆ ಉಜ್ಜಿ ಉಜ್ಜಿ ಮೊಂಡು ಮಾಡಿದರು. ಆ ಕರ್ಕಶ ಸದ್ದಿಗೆ ನಾನು ಓಡಿಹೋದೆ. ಅತ್ತೆ ಬಾಗಿಲಲ್ಲಿ ನಿಂತು ಬೈಯುತ್ತಿದ್ದರು.

"ಚಾಕು ಏನ್ರೀ ತಪ್ಪು ಮಾಡ್ತು? ತೀಡಿದೀನಿ ಅಂತ ಒಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ?"

"ನೀನು ಹೇಳಿದ್ಯಾ? ಎರಡು ವರ್ಷ ಒಂದೇ ಹಾಸಿಗೇಲಿ ಮಲಗಿದೀವಿ, ಹೇಳಿದ್ಯಾ?"

"ಹೇಳಿದ್ರೆ ನನ್ನ ಒಲೆ ಹತ್ರಾನೇ ಬಿಡ್ತಿರಲಿಲ್ಲ ನೀವು!"

ಮಾಮ ಚಾಕುವನ್ನು ಕೆಳಗಿಟ್ಟು ಮುಖ ಮುಚ್ಚಿಕೊಂಡರು. ಅವರು ಅಳುವುದನ್ನು ನಾನು ಕಂಡಿದ್ದು ಅದೇ ಮೊದಲು.

ಅತ್ತೆ ಹೆದರಿದ್ದಂತೆಯೇ ಆಯಿತು. ಈಗ ಹೆಚ್ಚುವುದು, ಕೊಯ್ಯುವುದು ಎಲ್ಲ ಮಾಮನದೇ. ದಿನಾ ಬೆಳಿಗ್ಗೆ ಹೆಂಡತಿಯ ಅಂಗೈ, ಅಂಗಾಲುಗಳನ್ನು ಬೆಳಕಿಗೆ ಹಿಡಿದು ಗಾಯವಿದೆಯೇ ಎಂದು ಹುಡುಕುತ್ತಾರೆ. ಅತ್ತೆ ಕುರ್ಚಿಯಲ್ಲಿ ಕುಳಿತು, "ಈರುಳ್ಳಿ ದಪ್ಪ ಆಯ್ತು, ನಮ್ಮನೇಲಿ ಕತ್ತೆ ಸಾಕಿದೀವಾ?" ಎಂದರೆ ಅವರು ಇನ್ನಷ್ಟು ಸಣ್ಣಗೆ ಹೆಚ್ಚಲು ತೊಡಗುತ್ತಾರೆ.

ಹೋದ ಶುಕ್ರವಾರ ಮಾಮ ನಮಾಜಿಗೆ ಹೋದಾಗ ಅತ್ತೆ ಕೊತ್ತಂಬರಿ ಕಟ್ಟು ಹಿಡಿದು ನನ್ನ ಅಡುಗೆಮನೆಗೆ ಬಂದರು. "ಒಂದು ಚಾಕು ಕೊಡು ಮಗಳೇ. ಅವರಿಗೆ ಹೇಳಬೇಡ."

ಮೊದಲು ಬಾಗಿಲಾಚೆ ಇಣುಕಿ ನೋಡಿದೆ. ಆಮೇಲೆ ಕೊಟ್ಟೆ. ಅವರು ನಿಧಾನವಾಗಿ, ತಮ್ಮ ಬೆರಳುಗಳ ಮೇಲಿಂದ ಕಣ್ಣು ಕೀಳದೆ, ಸಣ್ಣಗೆ ಹೆಚ್ಚಿದರು. ಮುಗಿಯುವವರೆಗೂ ನಾನು ಪಕ್ಕದಲ್ಲೇ ನಿಂತಿದ್ದೆ. ಮಾಮನಿಗೆ ಇನ್ನೂ ಹೇಳಿಲ್ಲ.