ಕತ್ತಿಯ ಬೆನ್ನಿಗೂ ಸಾಣೆ

ನನ್ನ ಅಕ್ಕನ ಗಂಡ ಸಾಣೆ ಹಿಡಿಯುವವರು. ಊರಿಗೆಲ್ಲ ಸಾಣೆಯಣ್ಣ, ನನಗೆ ಭಾವ. ಚಕ್ರದ ಚೌಕಟ್ಟನ್ನು ಹೆಗಲಿಗೇರಿಸಿ ಬೀದಿ ಬೀದಿ ಸುತ್ತುತ್ತಿದ್ದರು. ಕಾಲಲ್ಲಿ ಹಲಗೆ ತುಳಿದರೆ ಕಲ್ಲು ಗಿರ್ರನೆ ತಿರುಗಿ ಕಿಡಿ ಹಾರಬೇಕು. ಮಾತು ಮಾತ್ರ ಮುತ್ತು ಉದುರಿದಷ್ಟೇ. ನ್ಯಾಯಾಧೀಶರು ಅವರನ್ನು ಕಟಕಟೆಯಲ್ಲಿ ಕಂಡರು. ನಾನು ಅವರ ಪಕ್ಕದಲ್ಲಿ ಉಂಡವನು. ಆ ಮೊಕದ್ದಮೆಯನ್ನು ತೂಗುವ ಹಕ್ಕು ನನಗೂ ಇದೆ.

ಆ ಕಾಲದ ಮಂತ್ರಿಯನ್ನು ಹಾಡುಹಗಲೇ ಇರಿದು ಕೊಂದವನು ನಮ್ಮ ಬೀದಿಯ ಪುಸ್ತಕ ಕಟ್ಟುವವನು, ಭಾವನ ಗೆಳೆಯ. ಕೊಂದದ್ದು ಕಾಗದ ಕೊಯ್ಯುವ ತನ್ನ ಕತ್ತಿಯಿಂದಲೇ. ಆ ಕತ್ತಿಗೆ ಹರಿತ ಒಂದೇ ಕಡೆ. ಬೆನ್ನಿನ ಮೇಲೆ ತೋರುಬೆರಳು ಒತ್ತಿ ಕೊಯ್ಯಬೇಕು. ಹೆಣದ ಪಕ್ಕ ಸಿಕ್ಕ ಕತ್ತಿಯ ಬೆನ್ನೂ ಇರಿಯುವ ಕಠಾರಿಯಂತೆ ಹರಿತವಾಗಿತ್ತು. ಸಾಣೆ ಹಿಡಿದವರು ಭಾವ. ಸಂಚಿನಲ್ಲಿ ಇವರೂ ಇದ್ದರೆಂದು ಎಳೆದೊಯ್ದರು.

“ಬೆನ್ನಿಗೂ ಯಾಕಯ್ಯಾ ಸಾಣೆ ಹಿಡಿದೆ?” ಎಂದು ಸರ್ಕಾರದ ವಕೀಲರು ಕೇಳಿದರು.

“ಗಿರಾಕಿ ಕೇಳಿದ, ಹಿಡಿದೆ ಸ್ವಾಮಿ.”

ಸಂಚಿನ ಗುಂಪಿನವರ ಜೊತೆ ಇವರನ್ನು ಕಂಡವರಿಲ್ಲ. ಕೊಂದವನು ನೇಣಿಗೇರುವವರೆಗೂ ಇವರ ಹೆಸರೆತ್ತಲಿಲ್ಲ. ನ್ಯಾಯಾಧೀಶರು ಬಿಟ್ಟರು. ‘ಅವರಿಗೇನೂ ಗೊತ್ತಿರಲಿಲ್ಲ’ ಎಂದು ಕಂಡಕಂಡವರೆದುರು ಆಣೆಯಿಟ್ಟಿದ್ದ ಅಕ್ಕ ತಲೆಯೆತ್ತಿ ನಡೆದಳು.

ಆದರೆ ಭಾವನಿಗೆ ಹೊಸ ಚಾಳಿ ಅಂಟಿತು. ಯಾರು ಏನು ತಂದರೂ ಕೇಳುವುದು:

“ಏನ್ ಕೊಯ್ಯೋಕಮ್ಮಾ ಇದು?”

“ನಿನ್ನ ನಾಲಿಗೆ! ಸುಮ್ನೆ ಹಿಡಿ ಮಾರಾಯ, ಒಲೆ ಮೇಲೆ ಎಸರಿಟ್ಟು ಬಂದಿದೀನಿ.”

ಸರಿಯಾದ ಉತ್ತರ ಬಾರದೆ ಹಲಗೆ ತುಳಿಯುತ್ತಿರಲಿಲ್ಲ. ಜನ ನಕ್ಕರು. ಅಕ್ಕ ನಗಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಕಥೆ ಅವಳಿಗೂ ಗೊತ್ತು.

ಒಂದು ಮಧ್ಯಾಹ್ನ ನಾನು ಊಟಕ್ಕೆ ಕೂತಿದ್ದೆ. ಭಾವ ಚಕ್ರದ ಪಟ್ಟಿ ಬಿಗಿಯುತ್ತಿದ್ದರು.

“ರೀ, ನಿಜ ಹೇಳಿ” ಎಂದಳು ಅಕ್ಕ. “ಬೆನ್ನೂ ಹರಿತ ಆದ್ರೆ ಬೆರಳು ಎಲ್ಲಿ ಇಡ್ತೀಯೋ ಅಂತ ಅವನನ್ನ ಕೇಳಲಿಲ್ವಾ?”

ಭಾವನ ಕೈ ನಿಂತಿತು. “ಕೇಳಿದೆ.”

“ಏನಂದ?”

“‘ಇನ್ನು ಕಾಗದ ಕೊಯ್ಯಲ್ಲ ಬಿಡೋ’ ಅಂದ.”

“ಆಮೇಲೂ ಸಾಣೆ ಹಿಡಿದ್ರಾ?”

“ಚಕ್ರ ತಿರುಗ್ತಾ ಇತ್ತು ಕಣೇ.”

ನಾನು ಕೂತಲ್ಲೇ ತೂಗತೊಡಗಿದೆ. ಸಂಚಿನ ಗುಂಪಿನಲ್ಲಿ ಭಾವ ಇರಲಿಲ್ಲ. ಇರಿತ ಯಾರಿಗೆಂದೂ ತಿಳಿದಿರಲಿಕ್ಕಿಲ್ಲ. ಅದು ತಕ್ಕಡಿಯ ಒಂದು ತಟ್ಟೆಗೆ. ಕತ್ತಿ ಹೋಗುವುದು ಮನುಷ್ಯನ ಮೈಗೆಂದು ಅರಿತೂ ಹಲಗೆಯ ಮೇಲಿನ ಕಾಲು ತೆಗೆಯಲಿಲ್ಲ. ಇದು ಇನ್ನೊಂದಕ್ಕೆ. ಎಷ್ಟು ಸಲ ಎತ್ತಿ ಹಿಡಿದರೂ ನನ್ನ ತಕ್ಕಡಿ ಈ ಕಡೆಗೇ ವಾಲುತ್ತದೆ.

ಅಕ್ಕ ಅಳಲಿಲ್ಲ, ಬೈಯಲಿಲ್ಲ. ಗಂಡನಿಗೂ ಬಡಿಸಿದಳು. ಆದರೆ ಮಾರನೆಯ ದಿನದಿಂದ ಅಡುಗೆಮನೆಯ ಚಾಕುವನ್ನು ಅವರ ಕೈಗೆ ಕೊಡಲಿಲ್ಲ. ಬಟ್ಟೆ ಒಗೆಯುವ ಕಲ್ಲಿಗೆ ತಾನೇ ಉಜ್ಜಿಕೊಳ್ಳುತ್ತಿದ್ದಳು. ಆ ಕರಕರ ಸದ್ದು ಎದ್ದರೆ ಸಾಕು, ಭಾವ ಅರ್ಧ ಕುಡಿದ ನೀರಿನ ಲೋಟ ಅಲ್ಲೇ ಇಟ್ಟು, ಚೌಕಟ್ಟು ಹೊತ್ತು ಬೀದಿಗಿಳಿಯುತ್ತಿದ್ದರು.