ಲೇಬಲ್ ಕೆರೆದ ಡಬ್ಬಿಗಳು

ಕಾರಿಗೆ ಮೆರುಗು ಕೊಡುವ ಕಸುಬಿನಲ್ಲಿ ಅರ್ಧ ಕೆಲಸ ಕೈಯದಾದರೆ ಇನ್ನರ್ಧ ಬಾಯಿಯದು. ಮಿಂಚಣ್ಣನಿಗೆ ಎರಡೂ ಒಲಿದಿದ್ದವು. ಹೆತ್ತವರು ಇಟ್ಟ ಹೆಸರು ಹೆಂಡತಿಗೆ ಸಿಟ್ಟು ಬಂದಾಗ ಮಾತ್ರ ನೆನಪಾಗುತ್ತಿತ್ತು. ಬೀದಿಗೆಲ್ಲ ಅವನು ಮಿಂಚಣ್ಣನೇ. ಗಿರಾಕಿ ಬಂದು "ಒಂಚೂರು ವ್ಯಾಕ್ಸ್ ಹಾಕಿಬಿಡಿ" ಎಂದರೆ, ನಾಡಿ ಹಿಡಿಯುವ ವೈದ್ಯನ ಗಾಂಭೀರ್ಯದಿಂದ ಬಾನೆಟ್ಟಿನ ಮೇಲೆ ಅಂಗೈ ಸವರುತ್ತಿದ್ದ.

"ಗಾಡಿ ಎಲ್ಲಿ ನಿಲ್ಲಿಸ್ತೀರಿ?"

"ಬೀದೀಲೇ."

"ಹಾಗಾದ್ರೆ ವ್ಯಾಕ್ಸ್ ಬೇಡ, ಬಿಸಿಲಿಗೆ ಬೇಗ ಹೋಗಿಬಿಡುತ್ತೆ. ಸೀಲಂಟ್ ಹಾಕ್ತೀನಿ, ಬಣ್ಣಾನ ಗಟ್ಟಿಯಾಗಿ ಹಿಡ್ಕೊಂಡು ಕೂತ್ಕೊಳುತ್ತೆ. ಪಾಲಿಶ್ ಗೀರು ತೆಗೆಯುತ್ತೆ, ವ್ಯಾಕ್ಸ್ ಅಂದ ಕೊಡುತ್ತೆ, ಸೀಲಂಟ್ ಕಾಯುತ್ತೆ. ಯಾವುದು ಬೇಕು ಅಂತ ಕಾರೇ ಹೇಳುತ್ತೆ. ನಾವು ಕೇಳಿಸ್ಕೋಬೇಕು, ಅಷ್ಟೆ."

ಕಾರಿನ ಮಾತು ಕೇಳಿಸಿಕೊಳ್ಳುವವನ ಜೊತೆ ಯಾರು ತಾನೇ ಚೌಕಾಸಿಗೆ ಇಳಿಯುತ್ತಾರೆ?

ಅಂಗಡಿಯ ಹಿಂಗೋಡೆಯ ಹಲಗೆಯ ಮೇಲೆ ಅವನ ಡಬ್ಬಿಗಳಿದ್ದವು. ಒಂದರ ಮೇಲೂ ಲೇಬಲ್ ಇರಲಿಲ್ಲ. ಹೊಸ ಸರಕು ಬಂದ ದಿನವೇ ಬಿಸಿನೀರಿನಲ್ಲಿ ನೆನೆಸಿ, ಚಾಕುವಿನಿಂದ ಕೆರೆದು ಬೋಳು ಮಾಡಿಬಿಡುತ್ತಿದ್ದ. ಎದುರಂಗಡಿಯವನು ಕಾರು ತೊಳೆಯುವ ನೆಪದಲ್ಲಿ ಸದಾ ಇತ್ತಲೇ ಕಣ್ಣು ನೆಟ್ಟಿರುತ್ತಾನೆ, ಹೆಸರು ಗೊತ್ತಾದರೆ ನಾಳೆಯೇ ಅದನ್ನೇ ತರಿಸಿ ಇಟ್ಟುಕೊಳ್ಳುತ್ತಾನೆ ಎಂಬುದು ಅವನ ಲೆಕ್ಕಾಚಾರ. ಅವನಿಗಂತೂ ಲೇಬಲ್ಲಿನ ಹಂಗಿರಲಿಲ್ಲ. ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದರೆ ಸಾಕು. ಸೀಮೆಎಣ್ಣೆಯಂತೆ ಹೊಡೆದರೆ ಒರಟು ಪಾಲಿಶ್, ಆಳವಾದ ಗೀರು ಕೆರೆಯುವುದಕ್ಕೆ. ಬಾದಾಮಿಯ ವಾಸನೆ ಬಂದರೆ ನಯ ಪಾಲಿಶ್. ಮಾಗಿದ ಬಾಳೆಹಣ್ಣಿನಂತಿದ್ದರೆ ವ್ಯಾಕ್ಸ್. ಹೊಸ ಚಪ್ಪಲಿಯಂತಿದ್ದರೆ ಸೀಲಂಟ್. ಕಣ್ಣಿಗೆ ನೋಡಿದರೆ ಪಾಲಿಶುಗಳೆರಡೂ ಬೆಳ್ಳಗೆ, ಬೆಣ್ಣೆಯಂತೆ. ವ್ಯಾಕ್ಸು, ಸೀಲಂಟುಗಳೆರಡೂ ಹಳದಿ ಗಂಜಿಯಂತೆ.

ಹೀಗಿರುವಾಗ ಅವನಿಗೆ ಜ್ವರ ಬಂತು. ಮಲಗಿದ್ದು ಎದ್ದ. ಮೈಯಲ್ಲಿ ಕಸುವು ಬಂತು, ಬಾಯಲ್ಲಿ ಬಡಾಯಿಯೂ ಮರಳಿತು; ಮೂಗು ಮಾತ್ರ ಮರಳಲಿಲ್ಲ. ಅವನು ಪಕ್ಕದಲ್ಲೇ ಕೂತಿದ್ದಾಗ ಒಲೆಯ ಮೇಲಿನ ಹಾಲು ಸೀದು ಕರಕಲಾಯಿತು. ಹೆಂಡತಿ ಓಡಿ ಬಂದು, "ಬೀದಿಗೆಲ್ಲ ವಾಸನೆ ಹೊಡೀತಿದೆ, ನಿಮಗೇನಾಗಿದೆ?" ಎಂದಾಗ, "ಪೇಪರ್ ಓದ್ತಿದ್ದೆ ಕಣೇ" ಎಂದು ಜಾರಿಕೊಂಡ. ಪೇಪರು ಮಡಚಿದ್ದು ಮಡಚಿದಂತೆಯೇ ಇತ್ತು.

ಇಂದಲ್ಲ ನಾಳೆ ಸರಿಹೋಗುತ್ತದೆ ಎಂದುಕೊಂಡು ಅವನು ಅಂಗಡಿ ತೆರೆದ. ಅಂಗಡಿಯ ಸೂರು ಸೋರುತ್ತಿದ್ದ ಕಾರಣ ಅವನು ಮಲಗಿದ್ದ ಕಾಲದಲ್ಲಿ ಹೆಂಡತಿ ಡಬ್ಬಿಗಳನ್ನೆಲ್ಲ ಇಳಿಸಿ, ಹಲಗೆ ಒರೆಸಿ, ತನಗೆ ತೋಚಿದಂತೆ ಜೋಡಿಸಿಟ್ಟಿದ್ದಳು. ಇದೇನು ಎಲ್ಲೆಲ್ಲೋ ಇಟ್ಟಿದ್ದೀಯ ಎಂದು ಕೇಳಿದರೆ ಗುಟ್ಟು ಹೊರಬೀಳುತ್ತದೆ. ಅವನು ಬಾಯಿ ಬಿಡಲಿಲ್ಲ. ಮೂಸಿದಂತೆ ನಟಿಸುವುದು, ಬೆರಳಿನಲ್ಲಿ ತಿಕ್ಕಿ ನೋಡುವುದು, ಅಂದಾಜಿನ ಮೇಲೆ ಹಚ್ಚುವುದು. ಗಿರಾಕಿಗಳು ಎಂದಿನಂತೆ ತಲೆದೂಗಿ ಹೋಗುತ್ತಿದ್ದರು. ಹಚ್ಚಿದ ದಿನ ಎಲ್ಲವೂ ಹೊಳೆಯುತ್ತದೆ. ಈ ಕಸುಬಿನ ಅನುಕೂಲವೇ ಅದು.

ಡ್ರೈವಿಂಗ್ ಟೀಚರ್ ತಮ್ಮ ಕೆಂಪು ಕಾರು ತಂದದ್ದು ಆಗಲೇ. ಊರಿನ ಅರ್ಧ ಜನಕ್ಕೆ ಕ್ಲಚ್ಚು ಬ್ರೇಕು ಕಲಿಸಿದ ಹೆಂಗಸು. ಆದರೆ ಈ ಕಾರಿನ ಸೀಟಿನಲ್ಲಿ ಒಬ್ಬ ಶಿಷ್ಯನನ್ನೂ ಕೂರಿಸಿದವರಲ್ಲ.

"ಮಂಡಿ ಕೈ ಕೊಟ್ಟಿದೆ ಕಣಣ್ಣ, ಕ್ಲಚ್ ಒತ್ತೋಕಾಗಲ್ಲ. ಮಾರ್ತಿದ್ದೀನಿ. ತಗೊಳೋರು ಭಾನುವಾರ ಬರ್ತಾರೆ. ಈ ಹಳೇ ಕೆಂಪಿಗೇ ಮನಸೋತಿದ್ದಾರೆ. ಅದೊಂದು ಚೆನ್ನಾಗಿ ಕಾಣೋ ಹಾಗೆ ಮಾಡ್ಕೊಡು."

"ನಿಮ್ಮ ಕಾರಲ್ವಾ ಟೀಚರ್, ಮದುವಣಗಿತ್ತಿ ಥರ ಮಾಡಿ ಕಳಿಸ್ತೀನಿ."

ಮಾತೇನೋ ದೊಡ್ಡದಾಗಿಯೇ ಆಡಿದ. ಅದು ಮೇಲೊಂದು ಪಾರದರ್ಶಕ ಪದರವಿಲ್ಲದ ಹಳೆಯ ಕಾಲದ ಬಣ್ಣ, ತೆಳ್ಳಗಾಗಿತ್ತು. ನಯ ಪಾಲಿಶನ್ನು ಹಗುರವಾಗಿ ಆಡಿಸಿ, ಮೇಲೆ ವ್ಯಾಕ್ಸ್ ಹಚ್ಚಬೇಕು. ಅಷ್ಟನ್ನು ಅವನ ತಲೆ ಸರಿಯಾಗಿಯೇ ಹೇಳಿತು. ಒಂದು ಡಬ್ಬಿ ತೆಗೆದು ಮೂಸಿದ. ಏನೂ ಇಲ್ಲ. ಇನ್ನೊಂದು. ಅಲ್ಲಿಯೂ ಇಲ್ಲ. ಬೆರಳಿಗೆ ನಯವೆನಿಸಿದ್ದನ್ನು ಸ್ಪಂಜಿಗೆ ಹಾಕಿ ಮಷಿನ್ ಓಡಿಸಿದ.

ಸ್ಪಂಜು ಕೆಂಪಾಯಿತು. ಇಂಥ ಹಳೆಯ ಬಣ್ಣ ಉಜ್ಜಿದರೆ ಒಂದಿಷ್ಟು ಕೆಂಪು ಬಿಟ್ಟೇ ಬಿಡುತ್ತದೆ, ಅದಕ್ಕವನು ಹೆದರಲಿಲ್ಲ. ಬಾನೆಟ್ಟಿನ ನಡುವೆ ಉಬ್ಬಿದ ಏಣಿನ ಮೇಲೆ ಬಟ್ಟೆ ಎಳೆದಾಗ ಮಾತ್ರ ಮಷಿನ್ ಕೆಳಗಿಟ್ಟು ಬಗ್ಗಿ ನೋಡಿದ. ಕೆಂಪಿನ ನಡುವೆ ಬೂದುಬಣ್ಣದ ಗೆರೆಯೊಂದು ಇಣುಕುತ್ತಿತ್ತು. ಬಣ್ಣ ಸವೆದು ತಳದ ಪ್ರೈಮರ್ ಬಯಲಾಗಿತ್ತು. ಕೈಯಲ್ಲಿದ್ದದ್ದು ಒರಟು ಪಾಲಿಶು.

ಮಿಂಚಣ್ಣ ಸುತ್ತ ನೋಡಿದ. ಎದುರಂಗಡಿಯವನು ಯಾವುದೋ ಟೈರಿಗೆ ನೀರು ಹೊಡೆಯುತ್ತಿದ್ದ. ಹಲಗೆಯ ತುದಿಯಲ್ಲಿ ಮೂಗಿನ ನೆರವಿಲ್ಲದೆ ಗುರುತು ಸಿಗುವ ಒಂದೇ ಒಂದು ಡಬ್ಬಿಯಿತ್ತು: ಕೆಂಪು ಬೆರೆಸಿದ ವ್ಯಾಕ್ಸ್. ಬೆರಳ ತುದಿಯಿಂದ ಗೆರೆಗೆ ಮೆತ್ತಿ, ಆರಲು ಬಿಟ್ಟು, ಒರೆಸಿದ. ಬೂದು ಮಾಯವಾಯಿತು. ಒಂದೆರಡು ಸಲ ತೊಳೆಯುವವರೆಗೆ ಅದಕ್ಕೆ ಮೋಸವಿಲ್ಲ. ಅಷ್ಟರೊಳಗೆ ಕಾರು ಬೇರೆಯವರ ಮನೆ ಸೇರಿರುತ್ತದೆ.

ಊಟದ ಡಬ್ಬಿ ಹಿಡಿದು ಬಂದ ಹೆಂಡತಿ ಬಾಗಿಲಲ್ಲೇ ನಿಂತಳು.

"ಟೀಚರ್ ಕಾರಿಗೆ ಒರಟಿಂದ್ಯಾಕೆ ಹಾಕಿದ್ರಿ? ಅದು ಲಾರಿಗೇ ಸರಿ ಅಂತಿದ್ರಲ್ಲ?"

ಅವನ ಮುಖ ಹುಳ್ಳಗಾಯಿತು. "ಒರಟಿಂದು ಅಂತ ನಿಂಗೆ ಯಾರು ಹೇಳಿದ್ದು?"

"ಇಷ್ಟು ವರ್ಷ ನಿಮ್ಮ ಅಂಗಿ ಒಗೆದಿದ್ಯಾರು, ಎದುರಂಗಡಿಯವನಾ? ಬಾದಾಮಿ ವಾಸನೆ ಇದ್ರೆ ಸುಲಭದ ಕೆಲಸ, ಸೀಮೆಎಣ್ಣೆ ವಾಸನೆ ಇದ್ರೆ ಕಷ್ಟದ್ದು. ನಿಮ್ಮ ಡಬ್ಬಿ ಗುಟ್ಟೆಲ್ಲ ನಮ್ಮ ಬಚ್ಚಲಿಗೂ ಗೊತ್ತು." ಅವಳು ಊಟದ ಡಬ್ಬಿ ಕೆಳಗಿಟ್ಟು ದನಿ ತಗ್ಗಿಸಿದಳು. "ವಾಸನೆ ಬರ್ತಿಲ್ಲ, ಅಲ್ವಾ? ಹಾಲು ಸೀದ ದಿನಾನೇ ಅಂದ್ಕೊಂಡೆ. ನೀವಾಗೇ ಹೇಳ್ತೀರಿ ಅಂತ ಕಾದೆ."

"ಹೇಳಿದ್ರೆ ಅಂಗಡಿಗೆ ಯಾರು ಬರ್ತಾರೆ? ಇವನಿಗೆ ಮೂಗಿಲ್ಲ ಅಂತ ಊರೆಲ್ಲ ಆಡ್ಕೊಳುತ್ತೆ." ಬಾನೆಟ್ಟಿನ ಕಡೆ ಕೈ ತೋರಿಸಿ ನಡೆದದ್ದನ್ನೆಲ್ಲ ಹೇಳಿದ. "ಈಗೇನೂ ಕಾಣಲ್ಲ ನೋಡು."

"ನಾಳೆ ಕಾಣುತ್ತಲ್ಲ. ಕಾರು ಕೊಂಡೋರಿಗೆ, ಬೈಗುಳ ಟೀಚರ್‌ಗೆ. ನಿಮಗೆ ಊಟ ಹೇಗ್ರೀ ಸೇರುತ್ತೆ?"

ಊಟ ಸೇರಲಿಲ್ಲ. ಸಂಜೆ ಟೀಚರ್ ಕುಂಟುತ್ತ ಬಂದು, ಕಾರನ್ನು ಒಂದು ಸುತ್ತು ಹಾಕಿ, "ಇದನ್ನ ಮಾರೋಕೇ ಮನಸ್ಸು ಬರ್ತಿಲ್ವಲ್ಲೋ" ಎಂದರು. ಮಿಂಚಣ್ಣ ಬಟ್ಟೆಗೆ ಸ್ಪಿರಿಟ್ ಸುರಿದುಕೊಂಡು ಏಣಿನ ಮೇಲೆ ಒಮ್ಮೆ ಬಲವಾಗಿ ಎಳೆದ. ಬೂದು ಗೆರೆ ಮತ್ತೆ ಮುಖ ತೋರಿಸಿತು.

"ಇದು ಮೊದಲೇ ಇತ್ತಾ?"

"ಇಲ್ಲ ಟೀಚರ್. ನಾನೇ ಮಾಡಿದ್ದು. ಜ್ವರ ಬಂದಾಗಿಂದ ವಾಸನೆ ಗೊತ್ತಾಗಲ್ಲ. ಡಬ್ಬಿ ಅದಲು ಬದಲಾಯ್ತು. ಬಾನೆಟ್ಟಿಗೆ ಬಣ್ಣ ಹೊಡೆಸಿಕೊಡ್ತೀನಿ."

"ಹೊಸ ಬಣ್ಣ ಬರುತ್ತೆ. ಅವರು ಕೇಳಿದ್ದು ಹಳೇದು." ಅವರು ಗೆರೆಯ ಮೇಲೆ ಬೆರಳಾಡಿಸಿದರು. ಆಮೇಲೆ ತಲೆಯೆತ್ತಿ, "ಜ್ವರ ಬಿಟ್ಟ ಮೇಲೆ ಎಷ್ಟು ಕಾರು ಮಾಡಿದೆ? ನನ್ನ ತಮ್ಮನ ಬಿಳೀ ಕಾರು ಕಳ್ಸಿದ್ದು ಆವಾಗ್ಲೇ ಅಲ್ವಾ?" ಎಂದರು.

ಮಿಂಚಣ್ಣ ಬೆರಳು ಮಡಚಿ ಎಣಿಸತೊಡಗಿ, ಅರ್ಧಕ್ಕೇ ಬಿಟ್ಟ. ಇಷ್ಟು ದಿನ ಅವನು ತನ್ನ ಮೂಗಿನ ಚಿಂತೆಯಲ್ಲಿದ್ದನೇ ಹೊರತು ಆ ಕಾರುಗಳ ಚಿಂತೆ ಮಾಡಿರಲಿಲ್ಲ. ಸೀಲಂಟ್ ಎಂದು ಬರೀ ವ್ಯಾಕ್ಸ್ ಬಳಿದದ್ದೆಷ್ಟೋ. ವ್ಯಾಕ್ಸಿನ ಮೇಲೆ ಸೀಲಂಟ್ ಹಚ್ಚಿದ್ದೆಷ್ಟೋ. ಅದು ಎಣ್ಣೆ ಜಿಡ್ಡಿನ ಗೋಡೆಗೆ ಸುಣ್ಣ ಬಳಿದಂತೆ, ಹಿಡಿದು ನಿಲ್ಲುವುದಿಲ್ಲ. ಎಲ್ಲ ಕಾರುಗಳೂ ಹೊಳೆಯುತ್ತಲೇ ಹೋಗಿದ್ದವು.

ಟೀಚರ್ ಬೈಯಲಿಲ್ಲ. "ಬಂದೋರಿಗೆ ಇದ್ದಿದ್ದನ್ನ ಇದ್ದ ಹಾಗೇ ತೋರಿಸ್ತೀನಿ, ಬೇಕಿದ್ರೆ ತಗೊಳ್ಲಿ" ಎಂದು ಕಾರು ಹತ್ತಿದರು. ಕ್ಲಚ್ಚು ಒತ್ತುವಾಗ ನೋವಿಗೆ ಹುಬ್ಬು ಗಂಟಿಕ್ಕಿದ್ದು ಗಾಜಿನಾಚೆ ಕಾಣಿಸಿತು. ಅದಕ್ಕಿಂತ ಬೈದಿದ್ದರೇ ಚೆನ್ನಾಗಿತ್ತು ಎನಿಸಿತವನಿಗೆ.

ಹೆಂಡತಿ ಹಲಗೆಯ ಮುಂದೆ ಸ್ಟೂಲು ಎಳೆದುಕೊಂಡು ಕೂತು, ಒಂದೊಂದೇ ಡಬ್ಬಿಯ ಮುಚ್ಚಳ ತೆಗೆದು ಮೂಸಿ, ಟೇಪಿನ ತುಂಡಿನ ಮೇಲೆ ದಪ್ಪಕ್ಷರದಲ್ಲಿ ಹೆಸರು ಬರೆದು ಅಂಟಿಸತೊಡಗಿದಳು. ಎದುರಂಗಡಿಯವನು ಪೈಪು ಕೆಳಗಿಟ್ಟು ರಾಜಾರೋಷವಾಗಿ ಇತ್ತಲೇ ನೋಡುತ್ತಿದ್ದ. ನೋಡಲಿ ಎಂದು ಮಿಂಚಣ್ಣ ಬಾಗಿಲು ಮುಚ್ಚಲಿಲ್ಲ.

ಹನಿ ಬೀಳಲು ಶುರುವಾಯಿತು. ಅವನು ಹೊಸ್ತಿಲಲ್ಲಿ ನಿಂತು ಹೋಗುವ ಬರುವ ಬಾನೆಟ್ಟುಗಳನ್ನೇ ನೋಡಿದ. ಸೀಲಂಟ್ ಸರಿಯಾಗಿ ಕೂತಿದ್ದರೆ ನೀರು ಮುತ್ತುಮುತ್ತಾಗಿ ಉರುಳಬೇಕು. ತಿರುವಿನಲ್ಲಿ ಟೀಚರ್ ತಮ್ಮನ ಬಿಳಿ ಕಾರು ಕಾಣಿಸಿಕೊಂಡಿತು. ಅದರ ಮೇಲೆ ನೀರು ಒದ್ದೆ ಬಟ್ಟೆ ಹಾಸಿದಂತೆ ಚಪ್ಪಟೆಯಾಗಿ ಮಲಗಿತ್ತು. ಒಳಗಿನಿಂದ ಆತ ನಗುತ್ತ ಕೈಬೀಸಿದ.

ಮಿಂಚಣ್ಣ ಮಳೆಗಿಳಿದು, ಗಾಡಿ ನಿಲ್ಲಿಸಿ ಎಂದು ಕೈ ಅಡ್ಡ ಹಿಡಿದ.